ಟೈರನ್ನು ಗೂಡಿನ ಹಾಗೆ ಒತ್ತಿ ನೋಡಿದ್ದು

ನನಗೊಂದು ಕೆಟ್ಟ ಚಟವಿದೆ. ಬೀಡಿ ಸಿಗರೇಟಿನದಲ್ಲ, ಇಸ್ಪೀಟಿನದೂ ಅಲ್ಲ. ಅಂಥದ್ದೇನಾದರೂ ಆಗಿದ್ದರೆ ಬಿಡಿಸುವುದಕ್ಕೆ ನಾಲ್ಕು ಜನ ಹಿರಿಯರು ಮುಂದೆ ಬರುತ್ತಿದ್ದರು. ನನ್ನದು, ಕೈಗೆ ಏನು ಸಿಕ್ಕರೂ ಹೆಬ್ಬೆರಳಿನಲ್ಲಿ ಒಮ್ಮೆ ಒತ್ತಿ ನೋಡುವ ಚಟ. ಮಾವಿನಹಣ್ಣು ಒತ್ತಿದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ನಾನು ಸೋಪು ಒತ್ತುತ್ತೇನೆ, ಬಸ್ಸಿನ ಸೀಟು ಒತ್ತಿ ಕೂರುತ್ತೇನೆ, ಬಾಣಂತಿಯನ್ನು ಮಾತಾಡಿಸಲು ಹೋದ ಮನೆಯಲ್ಲಿ ಮಗುವಿನ ಕೆನ್ನೆ ಒತ್ತಿ ಅಳಿಸಿ ಬಂದಿದ್ದೇನೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಪದ್ಮ ತಟ್ಟೆಗೆ ಹಾಕಿದ ಇಡ್ಲಿಯನ್ನು ಹಾಗೆ ಒತ್ತಿದ್ದಕ್ಕೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು. ಇಡ್ಲಿ ಗಟ್ಟಿಯಾಗಿತ್ತೋ ಮೆತ್ತಗಿತ್ತೋ ಎಂಬುದನ್ನು ನಾನು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ.

ಮೊನ್ನೆ ಹಳೇ ಸಾಮಾನಿನವನು ಗಾಡಿ ತಳ್ಳಿಕೊಂಡು ನಮ್ಮ ಬೀದಿಗೆ ಬಂದಾಗಲೂ ಇದೇ ಆಯಿತು. ಚಿಕ್ಕಬಳ್ಳಾಪುರದ ನಮ್ಮ ಮನೆಯ ಅಡುಗೆಮನೆ ಬಾಗಿಲಾಚೆ, ನೆರಳಿನಲ್ಲಿ, ಒಂದು ಹಳೆಯ ಬೈಕಿನ ಟೈರು ಬಿದ್ದಿದೆ. ಬಿದ್ದಿದೆ ಎಂದರೆ ತಪ್ಪಾಗುತ್ತದೆ, ಅದು ಕೆಲಸದಲ್ಲಿದೆ. ಕುಡಿಯುವ ನೀರಿನ ದೊಡ್ಡ ಮಣ್ಣಿನ ಗುಡಾಣ ಉರುಳದ ಹಾಗೆ ಅದರೊಳಗೆ ಕೂತಿದೆ. ಗಾಡಿಯವನ ಕಣ್ಣು ಅದರ ಮೇಲೆ ಬಿತ್ತು.

"ಅಮ್ಮಾ, ಆ ಟೈರು ಕೊಡ್ರಿ, ಒಂದು ಪ್ಲಾಸ್ಟಿಕ್ ಬಕೀಟು ಕೊಡ್ತೀನಿ" ಅಂದ.

ಪದ್ಮ ಬಕೀಟನ್ನು ತಿರುಗಿಸಿ ನೋಡಿದಳು. ಕೆಂಪು ಬಕೀಟು, ಹಿಡಿ ಭದ್ರವಾಗಿತ್ತು. ವ್ಯಾಪಾರ ಮುಗಿದ ಹಾಗೇ. ಅಷ್ಟರಲ್ಲಿ ನಾನು ಬಗ್ಗಿ ಟೈರಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ಒಂದು ಚೂರೂ ಒಳಗೆ ಹೋಗಲಿಲ್ಲ. ಹನ್ನೆರಡು ವರ್ಷದ ಕೆಳಗೆ ಹೇಗಿತ್ತೋ ಹಾಗೇ ಇತ್ತು.

"ಇಲ್ಲಪ್ಪ, ಕೊಡಲ್ಲ" ಅಂದೆ.

"ಈ ಟೈರಿಗಿರೋ ಮರ್ಯಾದೆ ನನಗಿದ್ದಿದ್ರೆ ಸಾಕಾಗಿತ್ತು" ಎಂದು ಪದ್ಮ ಬಕೀಟನ್ನು ಗಾಡಿಯ ಮೇಲಿಟ್ಟು ಒಳಗೆ ಹೋದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆ ಟೈರಿನ ಕಥೆಯನ್ನು ಅವಳು ನನ್ನ ಬಾಯಲ್ಲಿ ಇಪ್ಪತ್ತು ಸಲವಾದರೂ ಕೇಳಿದ್ದಾಳೆ. ಆದರೆ ಕಥೆ ಪೂರ್ತಿಯಾಗಿ ಅವಳಿಗೂ ಗೊತ್ತಿಲ್ಲ.

ಒತ್ತುವ ಚಟ ನನ್ನೊಬ್ಬನದೇ ಎಂದು ತಿಳಿಯಬೇಡಿ, ಅದು ನಮ್ಮೂರಿನದು. ನಾನು ಹುಟ್ಟಿ ಬೆಳೆದದ್ದು ಶಿಡ್ಲಘಟ್ಟದಲ್ಲಿ. ಅಲ್ಲಿ ಬೆಳಗಾಗುವುದು ಕೋಳಿ ಕೂಗಿ ಅಲ್ಲ, ರೇಷ್ಮೆ ಗೂಡಿನ ಮಾರುಕಟ್ಟೆಗೆ ಹಳ್ಳಿಗಳಿಂದ ಚೀಲಗಳು ಬಂದು ಇಳಿಯುವ ಸದ್ದಿಗೆ. ಗೂಡು ಕೊಳ್ಳುವ ರೀಲರುಗಳು, ಎಂದರೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವವರು, ಸಾಲಾಗಿ ಬಂದು ರಾಶಿಯೊಳಗೆ ಕೈ ಹಾಕುತ್ತಾರೆ. ಒಂದು ಗೂಡನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಆಮೇಲೆ ಹೆಬ್ಬೆರಳಿನಲ್ಲಿ ಒತ್ತುತ್ತಾರೆ. ಗಟ್ಟಿಯಾಗಿದ್ದರೆ ನೂಲು ಜಾಸ್ತಿ, ಎಳೆ ಉದ್ದ ಬರುತ್ತದೆ. ಬೆರಳು ಒಳಗೆ ಹೋಯಿತೋ, ಹುಳ ಕೈಕೊಟ್ಟಿದೆ ಎಂದರ್ಥ. ಮುಖ ಸಿಂಡರಿಸಿ ಮುಂದಿನ ರಾಶಿಗೆ ನಡೆಯುತ್ತಾರೆ. ಇಷ್ಟೇ ಶಾಸ್ತ್ರ. ಇದನ್ನು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ, ಆದರೆ ಊರಿನ ಪ್ರತಿಯೊಂದು ಹೆಬ್ಬೆರಳಿಗೂ ಬರುತ್ತದೆ. ಮೇಷ್ಟರ ಮಗನಾದ ನಾನು ಜೀವನದಲ್ಲಿ ಒಂದು ಸೇರು ಗೂಡು ಕೊಂಡವನಲ್ಲ, ಮಾರಿದವನೂ ಅಲ್ಲ. ಆದರೂ ಗಟ್ಟಿ ಎಂದರೆ ಒಳ್ಳೆಯದು, ಮೆತ್ತಗೆ ಎಂದರೆ ಮೋಸ ಎಂಬುದು ನನ್ನ ಬೆರಳಿನಲ್ಲೇ ಕೂತುಬಿಟ್ಟಿದೆ.

ನಮ್ಮದು ಬಾಡಿಗೆ ಮನೆ. ಗೋಡೆಯಾಚೆ ಗಫಾರ್ ಸಾಬರ ಫಿಲೇಚರು. ಅಂದರೆ ನಾಲ್ಕು ಒಲೆ, ನಾಲ್ಕು ಬಿಸಿನೀರಿನ ತೊಟ್ಟಿ, ತಿರುಗುವ ರಾಟೆಗಳು, ಮತ್ತು ಬೆಂದ ಹುಳದ ವಾಸನೆ. ಹೊಸಬರು ಆ ವಾಸನೆಗೆ ಕರವಸ್ತ್ರ ಹಿಡಿಯುತ್ತಾರೆ. ನನಗೆ ಮಾತ್ರ ಇವತ್ತಿಗೂ ಎಲ್ಲಾದರೂ ಆ ವಾಸನೆ ಬಂದರೆ ಮಗ್ಗಿ ಬಾಯಿಪಾಠ ಮಾಡಿದ ನೆನಪಾಗುತ್ತದೆ. ಸಾಬರ ಮಗ ನಯಾಜ್ ನನ್ನ ಓರಗೆಯವನು. ಹತ್ತನೇ ಕ್ಲಾಸಿನವರೆಗೂ ಒಂದೇ ಬೆಂಚು. ಆಮೇಲೆ ನಾನು ಕಾಲೇಜಿಗೆ ಹೋದೆ, ಅವನು ತೊಟ್ಟಿಯ ಮುಂದೆ ಕೂತ. ನೂಲಿನ ತುದಿ ಸಿಕ್ಕುವುದು ಕುದಿಯುವ ನೀರಿನಲ್ಲೇ ಆದ್ದರಿಂದ ಇಡೀ ದಿನ ಕೈ ನೀರಿನೊಳಗೆ. ಆರು ತಿಂಗಳಲ್ಲಿ ಅವನ ಬೆರಳುಗಳು ಅವನಪ್ಪನ ಬೆರಳುಗಳ ಹಾಗೆ ಬೆಳ್ಳಗೆ ಸುಕ್ಕಾದವು.

ನಮ್ಮಪ್ಪನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಬಿಡುತ್ತೇನೆ. ಅಪ್ಪನ ಪ್ರಕಾರ ಲೋಕದಲ್ಲಿ ಎರಡೇ ಜಾತಿಯ ವಸ್ತುಗಳು, ಬಾಳಿಕೆ ಬರುವಂಥವು ಮತ್ತು ಬಾರದಂಥವು. ಒಮ್ಮೆ ನಗರಗೆರೆಯಲ್ಲಿದ್ದ ಸೋದರತ್ತೆಯ ಮನೆಗೆ ಹೋಗಿ ಬರುತ್ತಾ ಗೌರಿಬಿದನೂರಿನ ಸಂತೆಯಲ್ಲಿ ನನಗೊಂದು ಜೊತೆ ಟೈರಿನ ಚಪ್ಪಲಿ ಕೊಡಿಸಿದರು. ಲಾರಿಯ ಟೈರು ಕತ್ತರಿಸಿ ಹೊಲಿದದ್ದು. ತೂಕ ಎಷ್ಟಿತ್ತೆಂದರೆ ಓಡುವಾಗ ಕಾಲಿಗಿಂತ ಮೊದಲು ಚಪ್ಪಲಿ ಸುಸ್ತಾಗುತ್ತಿತ್ತು. "ಇದು ನಿನ್ನ ಮದುವೆಗೂ ಬರ್ತದೆ ಕಣೋ" ಎಂದು ಅಪ್ಪ ಹೆಮ್ಮೆಯಿಂದ ಹೇಳಿದರು. ಕಾಲು ಬೆಳೆದು ಹಿಮ್ಮಡಿ ಹೊರಗೆ ಬಂದರೂ ಚಪ್ಪಲಿ ಸವೆಯಲಿಲ್ಲ. ಅದನ್ನು ಹಾಕಿಕೊಂಡು ನಾನು ಯಾವ ಓಟದ ಸ್ಪರ್ಧೆಯಲ್ಲೂ ಗೆದ್ದವನಲ್ಲ. ಆದರೆ ಸವೆಯದಿರುವುದೇ ಒಳ್ಳೆಯತನ ಎಂಬ ಪಾಠ ಮಾತ್ರ ಅಂಗಾಲಿನಿಂದ ಮೇಲಕ್ಕೆ ಹತ್ತಿತು.

ಎಂಬತ್ತರ ದಶಕದ ನಡುವೆ ನನಗೆ ಚಿಂತಾಮಣಿಯ ಒಂದು ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ದಿನಾ ಹೋಗಿ ಬರಬೇಕು. ಬಸ್ಸುಗಳು ತಮಗೆ ಮನಸ್ಸು ಬಂದಾಗ ಬರುತ್ತಿದ್ದವು. ಒಂದು ದಿನ ನಯಾಜ್ ಗೋಡೆಯ ಮೇಲಿಂದ ಬಗ್ಗಿ, "ಸೀನಪ್ಪ, ಬೆಂಗಳೂರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಇದೆಯಂತೆ. ಇಬ್ರೂ ಸೇರಿ ತಗೊಳ್ಳಣ. ಆರು ದಿನ ನಿಂದು, ಭಾನುವಾರ ನಂದು" ಅಂದ. ಶ್ರೀನಿವಾಸ ಎಂಬ ನನ್ನ ಹೆಸರನ್ನು ಸೀನಪ್ಪ ಮಾಡಿದವನು ಅವನೇ. ಆರು ದಿನ ನನಗೆ, ಒಂದೇ ದಿನ ಅವನಿಗೆ. ಈ ಲೆಕ್ಕ ನನಗೆ ಬಹಳ ಹಿಡಿಸಿತು. ತಕ್ಷಣ ಒಪ್ಪಿದೆ.

ಗಾಡಿ ಒಂದೇ ಆದರೂ ಅದಕ್ಕೆ ಎರಡು ಸ್ವಭಾವ. ನನ್ನ ಕೈಯಲ್ಲಿ ಅದು ಎತ್ತಿನಗಾಡಿ. ಅಂಬಾಜಿದುರ್ಗದ ಬೆಟ್ಟ ಕಾಣಿಸತೊಡಗಿದರೆ ಇನ್ನು ಕಚೇರಿ ಹತ್ತಿರವಾಯಿತು ಎಂದು ಇನ್ನಷ್ಟು ನಿಧಾನ ಮಾಡುತ್ತಿದ್ದೆ. ಸೈಕಲ್ಲಿನವರು ನನ್ನನ್ನು ದಾಟುವಾಗ "ಚೆನ್ನಾಗಿದ್ದೀರಾ ಸಾರ್" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಭಾನುವಾರ ಬೆಳಗ್ಗೆ ಅದೇ ಗಾಡಿ ನಯಾಜನ ಕೆಳಗೆ ನಂದಿಬೆಟ್ಟದ ತಿರುವುಗಳಲ್ಲಿ ಮಲಗಿಕೊಂಡು ಹೋಗುತ್ತಿತ್ತು. ನಾನು ಒಂದೇ ಒಂದು ಸಲ ಹಿಂದೆ ಕೂತು ಹೋಗಿದ್ದೇನೆ. ಮೂರನೇ ತಿರುವಿನಲ್ಲಿ ಕಣ್ಣು ಮುಚ್ಚಿದವನು ಬೆಟ್ಟದ ತುದಿಯಲ್ಲೇ ತೆರೆದದ್ದು. ಇಳಿದ ಮೇಲೆ ನೋಡಿದರೆ ಅವನ ಮುಖದಲ್ಲಿ ಒಂದು ಹನಿ ಬೆವರಿಲ್ಲ. ತೊಟ್ಟಿಯ ಮುಂದೆ ಕೂತಾಗ ಕಾಣುತ್ತಿದ್ದ ನಯಾಜ್ ಇವನೇನಾ ಅನ್ನಿಸಿತು. ನನಗೆ ಹೊಟ್ಟೆಕಿಚ್ಚೂ ಆಯಿತು, ಅದನ್ನು ಬಚ್ಚಿಡುವುದಿಲ್ಲ.

ಬೆಂಗಳೂರಿನಾಚೆ ವಿಮಾನ ಇಳಿಯುವ ಒಂದು ಹಳೆಯ ಪಟ್ಟಿ ಇತ್ತು. ವಿಮಾನಗಳು ಬರುವುದು ನಿಂತು ಹುಲ್ಲು ಬೆಳೆದಿತ್ತು. ತಿಂಗಳಿಗೊಂದು ಭಾನುವಾರ ಅಲ್ಲಿ ಟಾರಿನ ಖಾಲಿ ಡ್ರಮ್ಮುಗಳನ್ನಿಟ್ಟು ತಿರುವು ಮಾಡಿ, ಗಾಡಿ ಇದ್ದವರು ಯಾರು ಬೇಕಾದರೂ ಬಂದು ಓಡಿಸಬಹುದು ಎಂದು ಬಿಡುತ್ತಿದ್ದರು. ನಯಾಜ್ ಹೋಗಿ ಹೋಗಿ ಅಲ್ಲಿಯವರಿಗೆ ಪರಿಚಯವಾದ. ಒಂದು ಸಲ ಬಂದವನು ನೇರ ನಮ್ಮ ಅಡುಗೆಮನೆಗೇ ನುಗ್ಗಿದ. ಮುಂದಿನ ತಿಂಗಳು ಪಂದ್ಯ ಇಡುತ್ತಾರಂತೆ. ಮೊದಲ ಮೂರು ಜನರನ್ನು ಗಾಡಿ ವ್ಯಾಪಾರದ ದೊಡ್ಡ ಧಣಿಯೊಬ್ಬರು ತಮ್ಮ ಕಡೆಗೆ ತೆಗೆದುಕೊಳ್ಳುತ್ತಾರಂತೆ. ಗಾಡಿ ಅವರದೇ, ಖರ್ಚು ಅವರದೇ, ಮಿಕ್ಕ ದಿನ ಅವರ ವರ್ಕ್‌ಶಾಪಿನಲ್ಲೇ ಕೆಲಸ.

"ಮೂರರಲ್ಲಿ ಒಬ್ಬ ಆದ್ರೆ ಸಾಕು ಕಣಪ್ಪ. ಫಸ್ಟೇ ಬರ್ಬೇಕು ಅಂತಿಲ್ಲ" ಅಂದ. ಆಮೇಲೆ ತನ್ನ ಕೈ ನೋಡಿಕೊಂಡು, "ಈ ನೀರಿಂದ ಕೈ ತೆಗೀಬೇಕು. ಅಬ್ಬಾಗೆ ಆಗಿರೋದು ಸಾಕು" ಅಂದ. ಗಫಾರ್ ಸಾಬರಿಗೆ ಹಬೆ ಕುಡಿದೂ ಕುಡಿದೂ ಉಬ್ಬಸ ಹತ್ತಿತ್ತು. ಗೋಡೆಯಾಚೆಯ ಕೆಮ್ಮು ನಮ್ಮ ಮನೆಯಲ್ಲಿ ಗಡಿಯಾರದ ಹಾಗೆ ಕೇಳಿಸುತ್ತಿತ್ತು.

ಗಾಡಿಯ ಟೈರುಗಳು ಅಷ್ಟು ಹೊತ್ತಿಗೆ ಬೋಳಾಗಿದ್ದವು. ರಸ್ತೆಗೊಂದು ಜೊತೆ, ಪಂದ್ಯಕ್ಕೊಂದು ಜೊತೆ ಇಟ್ಟುಕೊಳ್ಳುವ ದೊಡ್ಡಸ್ತಿಕೆ ನಮ್ಮಿಬ್ಬರಿಗೂ ಇರಲಿಲ್ಲ. ಪಂದ್ಯದ ಟೈರು ಎಂಬ ಮಾತು ಕಿವಿಗೆ ಬಿದ್ದಾಗಲೇ ನಮ್ಮಪ್ಪ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಮುಗಿಸಿದ್ದರು. ಒಂದೇ ಜೊತೆ ಕೊಳ್ಳಬೇಕು, ಅದು ನನ್ನ ಚಿಂತಾಮಣಿಗೂ ಆಗಬೇಕು, ಅವನ ಡ್ರಮ್ಮಿನ ತಿರುವಿಗೂ ಆಗಬೇಕು. ನನಗೆ ಕಚೇರಿ ಕೆಲಸದ ಮೇಲೆ ಬೆಂಗಳೂರಿಗೆ ಹೋಗುವುದಿತ್ತು. ನಯಾಜನಿಗೆ ಬರುವ ಹಾಗಿರಲಿಲ್ಲ, ಹಿಂದಿನ ದಿನವಷ್ಟೇ ತಂದ ಗೂಡಿನ ರಾಶಿ ಮನೆಯಲ್ಲಿತ್ತು. ಬಿಟ್ಟರೆ ಗೂಡು ತೂತು ಮಾಡಿಕೊಂಡು ಚಿಟ್ಟೆ ಹಾರಿಹೋಗುತ್ತದೆ, ಆಮೇಲೆ ನೂಲಿಲ್ಲ.

"ಅಂಗಡಿಯೋರ್ನ ಕೇಳು, ಎರಡಕ್ಕೂ ಆಗೋದು ಕೊಡ್ತಾರೆ. ನಿನ್ನ ಮೇಲೆ ಬಿಟ್ಟಿದ್ದೀನಿ" ಎಂದು ತೊಟ್ಟಿಯಿಂದ ಕೈ ಎತ್ತದೆ ಹೇಳಿದ.

ಅಂಗಡಿಯವರು ವಯಸ್ಸಾದವರು, ಮಾತು ಕಡಿಮೆ. ನಾನು ಕೇಳಿದ್ದನ್ನು ಕೇಳಿಸಿಕೊಂಡು ಎರಡು ಬಗೆಯ ಟೈರುಗಳನ್ನು ಮುಂದೆ ಉರುಳಿಸಿ ನಿಲ್ಲಿಸಿದರು. ನೋಡುವುದಕ್ಕೆ ಎರಡೂ ಕಪ್ಪು, ಎರಡೂ ದುಂಡಗೆ. ಎರಡಕ್ಕೂ ಆಗುವಂಥದ್ದು ಯಾವುದು ಎಂದೆ.

"ಎರಡಕ್ಕೂ ಆಗೋದು ಅಂದ್ರೆ, ಎರಡಕ್ಕೂ ಸ್ವಲ್ಪ ಸ್ವಲ್ಪ ಆಗದೇ ಇರೋದು ಸಾರ್" ಅಂದರು.

ಇಷ್ಟು ಒಳ್ಳೆಯ ಮಾತನ್ನು ನಾನು ಆಮೇಲೆ ಯಾವ ದೊಡ್ಡವರ ಬಾಯಲ್ಲೂ ಕೇಳಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಎಲ್ಲರಿಗೂ ಎಂದರೆ, ನನ್ನ ನೆಂಟರಿಷ್ಟರಿಗೆ, ಕಚೇರಿಯವರಿಗೆ, ಮದುವೆಮನೆಗಳಲ್ಲಿ ನನ್ನ ಪಕ್ಕದ ಎಲೆಗೆ ಕೂತವರಿಗೆ. ನಾನು ಹೆಬ್ಬೆರಳಿನಿಂದ ಮೊದಲನೆಯ ಟೈರನ್ನು ಒತ್ತಿದೆ. ರಬ್ಬರು ಮೆತ್ತಗೆ ಒಳಗೆ ಹೋಯಿತು, ಉಗುರಿನ ಗುರುತು ಕೂತಿತು. ಥೂ, ಹುಳ ಕೈಕೊಟ್ಟ ಗೂಡು ಎಂದು ಕೈ ತಾನಾಗಿಯೇ ಹಿಂದಕ್ಕೆ ಬಂತು. ಎರಡನೆಯದನ್ನು ಒತ್ತಿದೆ. ಕಲ್ಲು. ಇದು ಮಾಲು ಎಂದು ತೆಗೆದುಕೊಂಡು ಬಸ್ಸಿನ ಮೇಲೆ ಹಾಕಿಸಿ ಬಂದೆ. ಡಾಂಬರನ್ನು ಹಿಡಿದುಕೊಳ್ಳುವುದು ಮೆತ್ತನೆಯ ಟೈರು, ತಿರುವಿನಲ್ಲಿ ಜಾರುವುದು ಗಟ್ಟಿ ಟೈರು ಎಂಬ ಸಣ್ಣ ವಿಷಯ ಶಿಡ್ಲಘಟ್ಟದ ಹೆಬ್ಬೆರಳಿಗೆ ಹೇಗೆ ಗೊತ್ತಾಗಬೇಕು? ಇಷ್ಟು ಹೇಳಿ ನಾನು ಹೆಬ್ಬೆರಳನ್ನು ಎತ್ತಿ ತೋರಿಸುತ್ತೇನೆ. ಎಲ್ಲರೂ ನಗುತ್ತಾರೆ. ನಯಾಜ್ ಇದ್ದರೆ ಅವನೂ ನಗುತ್ತಾನೆ.

ಟೈರುಗಳು ನಾಲ್ಕೈದು ದಿನ ನಯಾಜನ ಮನೆಯಲ್ಲಿದ್ದವು. ಪಂದ್ಯದ ಹಿಂದಿನ ಶನಿವಾರ ಸಾಯಂಕಾಲ ಪಂಕ್ಚರ್ ಅಂಗಡಿಯ ಮುನಿವೆಂಕಟಪ್ಪನ ಹತ್ತಿರ ಹಾಕಿಸಿದೆವು. ಅವನ ಮನೆಮಾತು ತೆಲುಗು. ಎರಡು ಕಬ್ಬಿಣದ ಪಟ್ಟಿಗಳನ್ನು ತೂರಿಸಿ, ಮೊಣಕಾಲು ಊರಿ, ಬೆವರು ಸುರಿಸಿ, ಕೊನೆಗೆ ಎದ್ದು ನಿಂತು, "ಏಮಪ್ಪಾ, ಇದಿ ಟೈರಾ, ರಾಯಾ?" ಅಂದ. ರಾಯಿ ಎಂದರೆ ಕಲ್ಲು. ನನಗೆ ಅದು ಹೊಗಳಿಕೆಯ ಹಾಗೆ ಕೇಳಿಸಿತು, ಹಾಗೆ ಕೇಳಿಸಿಕೊಂಡೆ ಎನ್ನಬೇಕು. ನಯಾಜ್ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದ. ಏನೋ ಕೇಳುತ್ತಾನೆ ಅಂದುಕೊಂಡೆ. ಕೇಳಲಿಲ್ಲ. ಟೈರಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ, "ಒಳ್ಳೇ ಗೂಡು ತಂದಿದ್ದೀಯ" ಅಂದ. ಮೂವರೂ ನಕ್ಕೆವು.

ಭಾನುವಾರ ಪಟ್ಟಿಯ ಮೇಲೆ ಏಳು ಗಾಡಿಗಳು ನಿಂತವು. ನಯಾಜ್ ಇಳಿದು ಪಕ್ಕದವನ ಟೈರನ್ನು ಉಗುರಿನಿಂದ ಒತ್ತಿ ನೋಡಿದ. ದೂರದಲ್ಲಿ ನಿಂತಿದ್ದ ನನಗೂ ಉಗುರಿನ ಗುರುತು ಕಾಣಿಸಿತೋ, ಕಾಣಿಸಿದ ಹಾಗೆ ಅನ್ನಿಸಿತೋ ಗೊತ್ತಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೆರಳುಗಳನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ.

ಬಾವುಟ ಬೀಸಿದರು. ನೆಟ್ಟಗಿನ ದಾರಿಯಲ್ಲಿ ನಯಾಜನೇ ಮುಂದೆ. ನಮ್ಮ ಎತ್ತಿನಗಾಡಿ ಅಷ್ಟು ಜೋರಾಗಿ ಕೂಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಡ್ರಮ್ಮುಗಳ ಹತ್ತಿರ ಬಂದಾಗ ಎಲ್ಲರಿಗಿಂತ ಮೊದಲೇ ವೇಗ ಇಳಿಸಿದ. ನೋಡನೋಡುತ್ತಿದ್ದಂತೆ ಮೂವರು ಒಳಗಿನಿಂದ ನುಗ್ಗಿ ಹೋದರು. ಮತ್ತೆ ನೆಟ್ಟಗಿನ ದಾರಿ ಬಂತು, ಮೂವರನ್ನೂ ಹಿಡಿದ. ಮತ್ತೆ ಡ್ರಮ್ಮು, ಮತ್ತೆ ಬಿಟ್ಟುಕೊಟ್ಟ. ಹತ್ತು ಸುತ್ತೂ ಹೀಗೇ ಆಯಿತು, ನೆಟ್ಟಗೆ ಗಳಿಸಿದ್ದನ್ನೆಲ್ಲ ತಿರುವಿನಲ್ಲಿ ಕಳೆಯುತ್ತಾ ಹೋದ. ಒಂದೇ ಒಂದು ಸಲ, ಆರನೆಯದೋ ಏಳನೆಯದೋ ಸುತ್ತಿನಲ್ಲಿ, ನಂದಿಬೆಟ್ಟದಲ್ಲಿ ಮಲಗಿಸುವ ಹಾಗೆ ಗಾಡಿಯನ್ನು ಮಲಗಿಸಲು ಹೋದ. ಹಿಂದಿನ ಚಕ್ರ ಸರ್ರನೆ ಪಕ್ಕಕ್ಕೆ ಸರಿಯಿತು. ಹೇಗೋ ಎತ್ತಿಕೊಂಡ. ಆಮೇಲೆ ಮಲಗಿಸಲಿಲ್ಲ.

ನಾಲ್ಕನೆಯವನಾಗಿ ಬಂದ. ಮೂರನೆಯವನಿಗೂ ಇವನಿಗೂ ಅರ್ಧ ಗಾಡಿಯಷ್ಟು ಅಂತರ. ಧಣಿಯ ಕಡೆಯವರು ಮೂರು ಹೆಸರು ಬರೆದುಕೊಂಡರು. ನಯಾಜ್ ಮೂವರ ಕೈಯನ್ನೂ ಕುಲುಕಿ ಬಂದು, "ನಡಿ, ಹೋಗಣ" ಅಂದ.

ಬರುವಾಗ ನಮ್ಮ ಕಡೆಯ ವಿಜಯಪುರದಲ್ಲಿ ಟೀ ಕುಡಿಯಲು ನಿಂತೆವು. ಅಲ್ಲಿಯವರೆಗೂ ಇಬ್ಬರೂ ಮಾತಾಡಿರಲಿಲ್ಲ. ಹಿಂದೆ ಕೂತವನಿಗೆ ಮಾತಾಡದಿರಲು ಗಾಳಿಯ ನೆಪವಿರುತ್ತದೆ. ಟೀ ಅಂಗಡಿಯಲ್ಲಿ ಆ ನೆಪವೂ ಇರಲಿಲ್ಲ.

"ಡ್ರಮ್ ಹತ್ರ ಯಾಕೋ ಅಷ್ಟು ಬೇಗ ನಿಧಾನ ಮಾಡ್ತಿದ್ದೆ?" ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ನಾಳೆ ಸೋಮವಾರ ಅಲ್ವಾ. ಗಾಡಿ ಬಿದ್ದು ಮುರಿದಿದ್ರೆ ನೀನು ಚಿಂತಾಮಣಿಗೆ ನಡ್ಕೊಂಡು ಹೋಗ್ತಿದ್ಯಾ?" ಅಂದ, ಲೋಟದಲ್ಲಿ ಊದುತ್ತಾ.

ಅವನು ಮತ್ತೆ ಆ ಪಟ್ಟಿಗೆ ಹೋಗಲಿಲ್ಲ. ಕೆಲವು ತಿಂಗಳು ಭಾನುವಾರ ಗಾಡಿಯನ್ನು ಒರೆಸಿ ಇಡುತ್ತಿದ್ದ, ಆಮೇಲೆ ಅದೂ ನಿಂತಿತು. ಗಫಾರ್ ಸಾಬರಿಗೆ ಏಳಲಾಗದ ಹಾಗಾಗಿ ಫಿಲೇಚರು ಪೂರ್ತಿ ಇವನ ಮೇಲೆ ಬಿತ್ತು. ಏಳು ದಿನವೂ ಗಾಡಿ ನನ್ನದೇ ಆಯಿತು. ನನಗೆ ಮದುವೆಯಾಯಿತು, ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ಹಿಂದಿನ ಟೈರು ಹೇಗೋ ಕೆಲವು ವರ್ಷಕ್ಕೆ ಸವೆಯಿತು, ಮುಂದಿನದು ಸವೆಯಲೇ ಇಲ್ಲ. ಕೊನೆಗೆ ಗೌರಿಬಿದನೂರಿನವರೊಬ್ಬರು ಎಂಜಿನ್ನಿನ ಆಸೆಗೆ ಗಾಡಿ ಕೊಂಡು, ಈ ಟೈರು ಬೇಡ ಎಂದು ಬಿಚ್ಚಿಟ್ಟು ಹೋದರು. ಅಪ್ಪ ಇದ್ದಿದ್ದರೆ ಅದನ್ನು ನೋಡಿ ಬಹಳ ಸಂತೋಷಪಡುತ್ತಿದ್ದರು. ಪದ್ಮ ಅದರೊಳಗೆ ಗುಡಾಣ ಕೂರಿಸಿದಳು.

ಇನ್ನು ನಾನು ಕಥೆಯಿಂದ ಬಿಟ್ಟಿದ್ದನ್ನು ಹೇಳುತ್ತೇನೆ. ನೀವು ಇಷ್ಟು ದೂರ ಬಂದಿದ್ದೀರಿ, ನಿಮ್ಮ ಹತ್ತಿರ ಏನು ಮುಚ್ಚುಮರೆ.

ಆ ದಿನ ನಾನು ಟೈರು ಒತ್ತಿ ನೋಡುತ್ತಿದ್ದಾಗ ಅಂಗಡಿಯವರು ಸುಮ್ಮನೆ ನಿಂತಿರಲಿಲ್ಲ. ಮೆತ್ತನೆಯದನ್ನು ತೋರಿಸಿ, "ಇದು ತಿರುವಲ್ಲಿ ಚೆನ್ನಾಗಿ ಹಿಡ್ಕೊಳ್ಳುತ್ತೆ. ರೇಸಿಗೆ ಅಂದ್ರೆ ಇದೇ. ಆದ್ರೆ ದಿನಾ ಓಡಿಸಿದ್ರೆ ಆರು ತಿಂಗಳಿಗೆ ಬೋಳಾಗುತ್ತೆ" ಅಂದರು. ಗಟ್ಟಿಯದನ್ನು ತೋರಿಸಿ, "ಇದು ವರ್ಷಗಟ್ಟಲೆ ಬರುತ್ತೆ. ತಿರುವಲ್ಲಿ ಮಾತ್ರ ನಂಬಬೇಡಿ" ಅಂದರು. ಎಷ್ಟು ಸ್ಪಷ್ಟವಾಗಿ ಹೇಳಬಹುದೋ ಅಷ್ಟು ಸ್ಪಷ್ಟವಾಗಿ ಹೇಳಿದರು. ನನ್ನ ಹೆಬ್ಬೆರಳು ಮೋಸಹೋಯಿತು, ಅದು ನಿಜ. ಆದರೆ ಹೆಬ್ಬೆರಳಿಗೆ ಕಿವಿ ಇರಲಿಲ್ಲ, ನನಗಿತ್ತು. ಆರು ತಿಂಗಳಿಗೆ ಬೋಳಾಗುತ್ತೆ ಎಂದ ತಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಡ್ರಮ್ಮಿನ ತಿರುವಲ್ಲ, ಚಿಂತಾಮಣಿಯ ಬಸ್ ನಿಲ್ದಾಣ. ನಂದಿಬೆಟ್ಟದಲ್ಲಿ ಕಣ್ಣು ಮುಚ್ಚಿ ಕೂತಿದ್ದವನ ಹೊಟ್ಟೆಕಿಚ್ಚೂ ಒಂದು ಚಿಟಿಕೆ ಸೇರಿತ್ತೋ ಏನೋ, ಆ ಮಾತನ್ನು ನಾನು ಇನ್ನೂ ನನ್ನ ಹತ್ತಿರವೇ ತೀರ್ಮಾನ ಮಾಡಿಕೊಂಡಿಲ್ಲ. ಗಟ್ಟಿ ಎಂದರೆ ಒಳ್ಳೆಯದು ಎಂದು ಬೆರಳು ಹೇಳುತ್ತಿತ್ತು. ಅದರ ಮಾತು ಕೇಳುವುದು ನನಗೆ ಅನುಕೂಲವಾಗಿತ್ತು.

ಹೋದ ಬೇಸಗೆಯಲ್ಲಿ ನಯಾಜ್ ನಮ್ಮ ಮನೆಗೆ ಬಂದಿದ್ದ. ಭಾನುವಾರ. ಚಿಕ್ಕಬಳ್ಳಾಪುರದಲ್ಲಿ ಏನೋ ಕೆಲಸ ಮುಗಿಸಿಕೊಂಡು, ಕಳವಾರದ ಕಡೆಯ ರೈತರೊಬ್ಬರು ಕೊಟ್ಟರೆಂದು ಒಂದು ಚೀಲ ದ್ರಾಕ್ಷಿ ಹಿಡಿದು ಬಂದ. ಮನೆಯಲ್ಲಿ ಪದ್ಮಳ ಅಣ್ಣಂದಿರಿದ್ದರು. ಊಟದ ಹೊತ್ತಿಗೆ ಯಾರೋ ಟೈರಿನ ಕಥೆ ಹೇಳು ಎಂದರು. ನಾನು ಹೇಳಿದೆ. ಹೆಬ್ಬೆರಳು ಎತ್ತಿ ತೋರಿಸಿದೆ. ಎಲ್ಲರೂ ನಕ್ಕರು. ನಯಾಜ್ ಎಂದಿನ ಹಾಗೆ ಎಲ್ಲರಿಗಿಂತ ಜೋರಾಗಿ ನಕ್ಕ.

ಊಟವಾದ ಮೇಲೆ ಕೈ ತೊಳೆಯಲು ಇಬ್ಬರೇ ಅಡುಗೆಮನೆಯ ಆಚೆಗೆ ಬಂದೆವು. ಗುಡಾಣವನ್ನು ನೋಡಿದವನು, ಅದರ ಕೆಳಗಿನದು ಯಾವ ಟೈರು ಎಂದು ಕೇಳಲಿಲ್ಲ. ಬಗ್ಗಿ ಹೆಬ್ಬೆರಳಿನಿಂದ ಒತ್ತಿದ.

"ಇನ್ನೂ ಗಟ್ಟಿ ಇದೆ" ಅಂದ. ಆಮೇಲೆ ಏನೋ ಹವಾಮಾನದ ವಿಷಯ ಹೇಳುವವನ ಹಾಗೆ, "ಆ ಅಂಗಡಿ ಮುದುಕ್ರು ತುಂಬಾ ಒಳ್ಳೇ ಮನುಷ್ಯ ಕಣಪ್ಪ. ಈಗ ಇಲ್ವಂತೆ" ಅಂದ.

"ಅವರು ನಿನಗೆ ಹೆಂಗೋ ಗೊತ್ತು?"

"ಪಂದ್ಯದ ವಾರ ಗುರುವಾರ ನೂಲು ಮಾರಕ್ಕೆ ಬೆಂಗಳೂರಿಗೆ ಹೋಗಿದ್ನಲ್ಲ. ಒತ್ತಿ ನೋಡಿದಾಗ್ಲೇ ಡೌಟ್ ಬಂದಿತ್ತು. ಹೋಗಿ ವಿಚಾರಿಸ್ದೆ. ನಿಮ್ಮ ಫ್ರೆಂಡಿಗೆ ಎಲ್ಲಾ ಬಿಡಿಸಿ ಹೇಳ್ದೆ, ಆದ್ರೂ ಅವರು ಇದನ್ನೇ ತಗೊಂಡ್ರು ಅಂದ್ರು. ನಾಳೆ ತನ್ನಿ, ಬದಲಾಯಿಸಿ ಕೊಡ್ತೀನಿ ಅಂತನೂ ಅಂದ್ರು."

ನನ್ನ ಕೈ ಎಂಜಲಾಗಿಯೇ ಇತ್ತು. ಒಳಗೆ ಇನ್ನೂ ನಗುತ್ತಿದ್ದರು. ನನಗೆ ಆದ ನಾಚಿಕೆಯನ್ನು ಹೇಗೆ ಹೇಳಬೇಕೋ ತಿಳಿಯದು. ಹನ್ನೆರಡು ವರ್ಷ ನಾನು ಅವನ ಮುಂದೆ ಹೆಬ್ಬೆರಳು ಎತ್ತಿ ತೋರಿಸಿದ್ದೆ.

"ಮತ್ತೆ ಯಾಕೋ ಬದಲಾಯಿಸ್ಲಿಲ್ಲ?" ಎಂದೆ.

"ನೀನೇ ಏನಾದ್ರೂ ಹೇಳ್ತೀಯೇನೋ ಅಂತ ಶನಿವಾರ ಸಾಯಂಕಾಲದ ತನಕ ಕಾದೆ" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ನೀನು ಹೇಳ್ಲಿಲ್ಲ. ಸರಿ, ಇವನಿಗೂ ಬೇಕಲ್ಲ ಅಂದ್ಕೊಂಡೆ. ಆರು ದಿನ ನಿಂದು. ಮಾತು ಆಗಿತ್ತಲ್ಲ."

ಅವನು ಎರಡೂ ಕೈ ಮುಂದೆ ಚಾಚಿ, "ನೀರು ಹಾಕಪ್ಪ" ಅಂದ.

ಗುಡಾಣದಿಂದ ಒಂದು ಚೊಂಬು ಬಗ್ಗಿಸಿ ಅವನ ಕೈಯ ಮೇಲೆ ಹಾಕಿದೆ. ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಭಾನುವಾರ ಒಲೆ ಹಚ್ಚುವುದಿಲ್ಲ, ಬೆಳಗಿನಿಂದ ಆ ಕೈ ತೊಟ್ಟಿಗೆ ಇಳಿದಿರಲಿಲ್ಲ, ಆದರೂ ಹಾಗೇ ಇದ್ದವು.

"ತಣ್ಣಗಿದೆ" ಅಂದ. "ಇನ್ನೊಂದು ಚೊಂಬು ಹಾಕು."

ಹಾಕಿದೆ. ಅವನು ಕೈ ಚಾಚಿಕೊಂಡೇ ನಿಂತಿದ್ದ. ಇನ್ನೊಂದು ಹಾಕಿದೆ. ಮತ್ತೊಂದು ಹಾಕಿದೆ. ಗುಡಾಣ ಬರಿದಾಗುವವರೆಗೂ ಹಾಕುತ್ತಿದ್ದೆನೇನೋ, ಸಾಕು ಎಂದು ಅವನೇ ಕೈ ತೆಗೆದುಕೊಂಡ.